ಎರಡು ಗಳಿಗೆ ತಡ

“ಈಗ ಹೋಗುಕಾಗೂದಿಲ್ಲ ತಂಗೀ, ನೀರಿಲ್ಲ.”

ಹೀಗೆಂದ ದೋಣಿಯವರ ಬೆನ್ನ ಹಿಂದೆಯೇ ಅಘನಾಶಿನಿ, ಆಚೆ ದಡದ ತೆಂಗಿನ ಮರಗಳು ಬೆರಳುದ್ದ ಕಾಣುವಷ್ಟು ಅಗಲಕ್ಕೆ ಹರಡಿಕೊಂಡಿತ್ತು. ನೀರಿಲ್ಲವಂತೆ! ನಾನು ನಗಬೇಕೆಂದುಕೊಂಡವಳು ಅವರು ಬೆರಳು ಮಾಡಿದ ಕಡೆ ನೋಡಿ ಸುಮ್ಮನಾದೆ. ಹೊಳೆಯಿಂದ ಮನೆಗಳ ಕಡೆಗೆ ಒಳಹೊಕ್ಕಿದ್ದ ಕಾಲುವೆಯಲ್ಲಿ ಅವರ ದೋಣಿ ಕೆಸರ ಮೇಲೆ ಮಗ್ಗುಲಾಗಿ ಮಲಗಿತ್ತು. ಅದರ ಹೊಟ್ಟೆಯ ಕೆಳಗೆ ಉಗುರಿನಷ್ಟು ಸಣ್ಣ ಏಡಿಗಳು ಓಡಾಡುತ್ತಿದ್ದವು.

“ಮತ್ತೆ ಯಾವಾಗ?”

“ನಾಲ್ಕಕ್ಕೆ ಬರ್ತದೆ.”

ಬಸ್ಸಿನ ವಿಷಯ ಹೇಳಿದ ಹಾಗೆ ಹೇಳಿದರು. ನಮ್ಮ ರಾಣೆಬೆನ್ನೂರು ಕಡೆ ಹೊಳೆಯಲ್ಲಿ ನೀರಿಲ್ಲ ಎಂದರೆ ಅದು ಬೇಸಿಗೆಯ ಮಾತು, ಸಂಕಟದ ಮಾತು. ತುಂಗಭದ್ರೆ ಬತ್ತಲು ತಿಂಗಳುಗಳು ಬೇಕು, ತುಂಬಲು ಮಲೆನಾಡಿನಲ್ಲಿ ಮಳೆ ಹಿಡಿಯಬೇಕು. ಮಧ್ಯಾಹ್ನ ಖಾಲಿಯಾಗಿ ಸಂಜೆ ಚಹಾದ ಹೊತ್ತಿಗೆ ತುಂಬಿಕೊಳ್ಳುವ ಹೊಳೆಯನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದೆ. ‘ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆ ಎನ್ನುತ್ತಾರೆ.’ ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡದ್ದೂ ಉಂಟು. ನದಿ ಸಮುದ್ರವನ್ನು ಸೇರುವುದೇನೋ ಸರಿ, ಸಮುದ್ರವೂ ದಿನಕ್ಕೆರಡು ಸಲ ನದಿಯೊಳಗೆ ಬರುತ್ತದೆ ಎಂದು ಆ ಎರಡು ಅಂಕದ ಉತ್ತರದಲ್ಲಿ ಇರಲಿಲ್ಲ.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಬಂದು, ಬೆಳಿಗ್ಗೆ ಕುಮಟಾದಲ್ಲಿಳಿದು, ಅಲ್ಲಿಂದ ರಿಕ್ಷಾದಲ್ಲಿ ಹೊಳೆಯ ಹೆಸರನ್ನೇ ಇಟ್ಟುಕೊಂಡ ಈ ಊರಿಗೆ ಬಂದಿದ್ದೆವು. ಅಘನಾಶಿನಿ ಊರು ಇರುವುದು ಹೊಳೆಯ ತೆಂಕಣ ದಡದ ಕಟ್ಟಕಡೆಯಲ್ಲಿ. ಎದುರು ದಡದಲ್ಲಿ ತದಡಿ ಬಂದರು, ನಡುವೆ ತಾರಿ. ಉಳಿದುಕೊಂಡದ್ದು ಒಂದು ಹೆಂಚಿನ ಮನೆಯಲ್ಲಿ. ಮನೆಯ ಮಗ ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ, ಅವನ ಕೋಣೆಯನ್ನು ಬಂದವರಿಗೆ ಕೊಡುತ್ತಾರೆ. ಆ ಮನೆಯ ಅಕ್ಕನಿಗೆ ಅರವತ್ತರ ಮೇಲಾಗಿರಬಹುದು. ಐದು ದಿನದ ರಜೆ. ನಮ್ಮೆಜಮಾನರು ಹೊರಡುವ ಮೊದಲೇ ಐದು ದಿನಕ್ಕೂ ಗಂಟೆವಾರು ಪಟ್ಟಿ ಬರೆದುಕೊಂಡಿದ್ದರು. ‘ಗುರುವಾರ 12.30: ದೋಣಿ ವಿಹಾರ’ ಎಂಬುದು ಅದರ ಮೊದಲ ಸಾಲು. ಮೊದಲ ಸಾಲೇ ಕೆಸರಲ್ಲಿ ಕೂತಿತು.

ಗೆಳತಿಗೆ ಫೋನು ಮಾಡಿ, “ತುಂಬಾ ಶಾಂತವಾದ ಊರು ಕಣೇ, ಒಂದು ನರಪಿಳ್ಳೆಯ ಸದ್ದಿಲ್ಲ” ಎಂದೆ. ಆ ಮಾತನ್ನು ಆಮೇಲೆ ವಾಪಸು ತೆಗೆದುಕೊಳ್ಳಬೇಕಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ಅಕ್ಕನ ಮುಂದೆ ಪಟ್ಟಿ ಬಿಚ್ಚಿದರು. ನಾಳೆ ಎಷ್ಟು ಗಂಟೆಗೆ ನೀರಿರುತ್ತದೆ, ನಾಡಿದ್ದು ಎಷ್ಟಕ್ಕೆ? ಅಕ್ಕ ಗೋಡೆಯ ಕ್ಯಾಲೆಂಡರನ್ನು ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ.

“ಇವತ್ತೇ ಏಕಾದಶಿ ಅಲ್ವ? ನಾಳೆ ದ್ವಾದಶಿ, ಎರಡು ಗಳಿಗೆ ತಡ. ನಾಡಿದ್ದು ಮತ್ತೆರಡು ಗಳಿಗೆ. ಅಷ್ಟೇಯಾ.”

ಇಡೀ ಲೆಕ್ಕ ಅಷ್ಟೇ. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಕರಾವಳಿಯಲ್ಲಿ ಹತ್ತೂಮುಕ್ಕಾಲು, ಹನ್ನೊಂದರ ಹೊತ್ತಿಗೆ ಉಬ್ಬರ; ಹಗಲೂ ಅಷ್ಟಕ್ಕೆ, ರಾತ್ರಿಯೂ ಅಷ್ಟಕ್ಕೆ. ಅಲ್ಲಿಂದ ತಿಥಿಗೆರಡು ಗಳಿಗೆಯಂತೆ ಹಿಂದೆ ಬೀಳುತ್ತ ಹೋಗುತ್ತದೆ. ಗಳಿಗೆಗೆ 24 ನಿಮಿಷ, ಎರಡಕ್ಕೆ 48. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ನೀರು ಅವನ ಬಾಲ ಹಿಡಿದುಕೊಂಡಿದೆ. ಎರಡು ನಿಮಿಷದ ಹೆಚ್ಚುಕಡಿಮೆಯನ್ನು ಹೊಟ್ಟೆಗೆ ಹಾಕಿಕೊಂಡರೆ ನಮ್ಮ ಹಳೆಯ ಗಳಿಗೆ ಈ ಲೆಕ್ಕಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. ನಾನು ಅನ್ನದ ತಟ್ಟೆಯ ಪಕ್ಕದಲ್ಲೇ ಬೆರಳು ಮಡಚಿದೆ. ಏಕಾದಶಿ, ಹನ್ನೊಂದು ತಿಥಿ, ಇಪ್ಪತ್ತೆರಡು ಗಳಿಗೆ, ಅಂದರೆ ಒಂಬತ್ತು ತಾಸಿಗೆ ಸ್ವಲ್ಪ ಕಮ್ಮಿ. ಹತ್ತೂಮುಕ್ಕಾಲಕ್ಕೆ ಸೇರಿಸಿದರೆ ಸಂಜೆ ಏಳೂವರೆಗೆ ತುಂಬು ಹೊಳೆ. ಅದಕ್ಕೆ ಆರು ತಾಸು ಮೊದಲು, ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಪೂರ್ತಿ ಇಳಿತ. ನಾವು ಹನ್ನೆರಡೂವರೆಗೆ ದೋಣಿ ಕೇಳಿದ್ದೆವು! ನಮ್ಮೆಜಮಾನರು ಪಟ್ಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅದು ಆಮೇಲೆ ಹೊರಗೆ ಬರಲಿಲ್ಲ.

ನಾಲ್ಕಕ್ಕೆ ನಿಜಕ್ಕೂ ನೀರು ಬಂತು. ಬರುವಾಗ ಅಬ್ಬರವೇನೂ ಇಲ್ಲ. ಕಾಲುವೆಯ ತಳದಲ್ಲಿ ಒಂದು ತೆಳು ಎಳೆ, ನೊರೆಯ ಅಂಚು ಹೊತ್ತು, ಮನೆಗಳ ಕಡೆ ಸರಿಯುತ್ತದೆ. ಒಣಗಿದ ಎಲೆ, ಅಡಕೆ ಸಿಪ್ಪೆ, ಒಂದು ಗುಲಾಬಿ ಬಣ್ಣದ ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಮೇಲ್ಮುಖವಾಗಿ ತೇಲುತ್ತ ಹೋದವು. ನೀರು ಹಿಂದಕ್ಕೆ ಹರಿಯುವುದನ್ನು ಕಂಡಾಗ ಬಯಲುಸೀಮೆಯವಳಿಗೆ ತಲೆ ಒಂದು ಕ್ಷಣ ತಿರುಗಿದಂತಾಗುತ್ತದೆ. ದೋಣಿ ಮೊದಲು ಬೆನ್ನು ನೆಟ್ಟಗೆ ಮಾಡಿತು, ಆಮೇಲೆ ತಾನೇ ಎದ್ದು ನಿಂತಿತು.

ದ್ವಾದಶಿಯ ದಿನ ಅಕ್ಕನ ಜೊತೆ ಬೆಳಚು ಹೆಕ್ಕಲು ಹೋದೆ. ಹೊಳೆಯ ನಡುವೆ ಇಳಿತದ ಹೊತ್ತಿಗೆ ಮಾತ್ರ ತಲೆಯೆತ್ತುವ ಮರಳುದಿಬ್ಬಗಳಿವೆ. ಮಧ್ಯಾಹ್ನ ಒಂದಕ್ಕೆ ಹೊರಟೆವು, ಬಿಸಿಲು ನೆತ್ತಿಯಿಂದಿಳಿಯುವ ಹೊತ್ತು. ಮೂರು ಗಂಟೆ ಕಳೆದರೆ ದಿಬ್ಬವೇ ಇರುವುದಿಲ್ಲ, ಬಿಸಿಲು ತಗ್ಗಲಿ ಎಂದು ಕಾಯುವ ಹಾಗೂ ಇಲ್ಲ. ದೋಣಿಯಲ್ಲಿ ಏಳೆಂಟು ಹೆಂಗಸರು. ಎಲ್ಲರ ಸೀರೆಯೂ ಮೊಣಕಾಲ ಮೇಲೆ ಕಚ್ಚೆಯಾಗಿತ್ತು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಗೆ ಒಂದು ಪ್ಲಾಸ್ಟಿಕ್ ಬೋಗುಣಿ. ನೀರಿಗಿಳಿದರೆ ಅದು ನಾಯಿಮರಿಯಂತೆ ಹಿಂದೆ ಹಿಂದೆ ತೇಲಿಕೊಂಡು ಬರುತ್ತದೆ.

ಬೆಳಚು ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಮರಳಿನಲ್ಲಿ ಎರಡು ಸಣ್ಣ ತೂತುಗಳು ಜೋಡಿಯಾಗಿ ಕಂಡರೆ ಕೆಳಗೆ ಚಿಪ್ಪಿದೆ ಎಂದರ್ಥ; ಒಂದರಿಂದ ನೀರೆಳೆದುಕೊಂಡು ಇನ್ನೊಂದರಿಂದ ಬಿಡುತ್ತದೆ. ಮೊಣಕಾಲುದ್ದ ನೀರಿದ್ದಲ್ಲಿ ಆ ಗುರುತೂ ಇಲ್ಲ, ಅಂಗಾಲೇ ಕಣ್ಣು. ಅಕ್ಕ ನಡೆಯುವುದನ್ನು ನೋಡಿದರೆ ಮಾತಾಡುತ್ತ ಸುಮ್ಮನೆ ತುಳಿದಾಡುತ್ತಿದ್ದಾರೆ ಅನಿಸುತ್ತದೆ. ಇದ್ದಕ್ಕಿದ್ದಂತೆ ಬಗ್ಗುತ್ತಾರೆ, ಮುಷ್ಟಿ ತುಂಬ ಕೆಸರೆತ್ತುತ್ತಾರೆ, ನೀರಲ್ಲೊಮ್ಮೆ ಅಲ್ಲಾಡಿಸಿದರೆ ಮೂರೋ ನಾಲ್ಕೋ ಚಿಪ್ಪು ಉಳಿಯುತ್ತವೆ. ನನ್ನ ಅಂಗಾಲಿಗೆ ಕಲ್ಲು, ಬೆಳಚು, ಒಡೆದ ಬಾಟಲಿಯ ಚೂರು ಎಲ್ಲ ಒಂದೇ. ಎರಡು ತಾಸಿಗೆ ನನಗೆ ಸಿಕ್ಕಿದ್ದು ಒಂದು ಗೆರಟೆಯ ತುಂಬ. ಅಕ್ಕನ ಬೋಗುಣಿ ಎರಡು ಸಲ ತುಂಬಿ ಚೀಲಕ್ಕೆ ಸುರಿದಾಗಿತ್ತು. ನಮ್ಮೆಜಮಾನರು ದಿಬ್ಬದ ಅಂಚಿನ ಹೂಳಿನಲ್ಲಿ ಕಾಲಿಟ್ಟು, ಎಳೆದರೆ ಕಾಲು ಮಾತ್ರ ಬಂತು, ಚಪ್ಪಲಿ ಬರಲಿಲ್ಲ. “ಇರ್ಲಿ ಬಿಡಿ, ನೀರೇ ತಂದುಕೊಡ್ತದೆ” ಎಂದು ಹೆಂಗಸರು ನಕ್ಕರು. ಮಾರನೆಯ ದಿನ ನಿಜಕ್ಕೂ ಕಾಲುವೆಗೆ ಒಂದು ಚಪ್ಪಲಿ ಬಂತು. ಬೇರೆ ಯಾರದೋ, ಎಡಗಾಲಿನದು.

ದಿಬ್ಬದ ಮೇಲೆ ಯಾರೂ ಸುಮ್ಮನಿರಲಿಲ್ಲ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಸಂಘದ ಸಾಲದ ಕಂತು, ಈ ಸಲ ಬೆಳಚು ಸಣ್ಣದಾಗಿದೆ ಎಂಬ ದೂರು, ಕಾರವಾರದ ಕಡೆಗೆ ಹೋಗುವ ವ್ಯಾಪಾರಿ ಕೊಡುವ ಬೆಲೆ. ಹೊಳೆಯ ನಡುವೆ ಒಂದು ಸಂತೆಯೇ ನೆರೆದಿತ್ತು. ದಡದ ಮೇಲೆ ನಿಂತು ನೋಡಿದ್ದರೆ ಬಿಸಿಲಲ್ಲಿ ಕರಗುವ ಏಳೆಂಟು ಚುಕ್ಕೆಗಳು ಕಾಣುತ್ತಿದ್ದವು, ನಾನು ಮತ್ತೆ ‘ಶಾಂತ’ ಎನ್ನುತ್ತಿದ್ದೆ.

“ಹೊನ್ನಾವರದಲ್ಲೂ ಹೀಗೇ ಸಿಗುತ್ತದಾ?” ಎಂದು ಕೇಳಿದ್ದಕ್ಕೆ ಒಬ್ಬಾಕೆ, “ಅಲ್ಲಿ ಹೊಳೆ ಸಪ್ಪೆ ಆಗೋಯ್ತು” ಎಂದಳು. ಒಂದೇ ಮಾತಿನಲ್ಲಿ ಅವಳು ಹೇಳಿದ್ದು ದೊಡ್ಡ ಸಂಗತಿ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ, ಬೇಸಿಗೆಯಲ್ಲೂ, ಅಳಿವೆಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹೊಳೆಯೊಳಗೆ ಏರಬೇಕಾದ ಉಪ್ಪು ಏರುವುದೇ ಇಲ್ಲ, ಚಿಪ್ಪಿಗೆ ಬದುಕಲು ಬೇಕಾದ ಉಪ್ಪು ಸಾಲುವುದಿಲ್ಲ. ಬಡಗಲ ಕಾಳಿಗೂ ಸೂಪಾ, ಕದ್ರಾ ಎಂದು ಸಾಲು ಅಣೆಕಟ್ಟುಗಳು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು ಹರಿದು ಬರುವ ಅಘನಾಶಿನಿಗೆ ಮಾತ್ರ ಒಂದೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಪೂರ್ತಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಆ ರುಚಿ ಬದಲಾವಣೆಯಲ್ಲೇ ಈ ಹೆಂಗಸರ ದುಡಿಮೆ ಇರುವುದು. ತದಡಿಗೆ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಬರಬೇಕೆಂದಿದ್ದಾಗ ಜನ ಬೀದಿಗಿಳಿದದ್ದೂ ಇದಕ್ಕೇ. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಸುದ್ದಿ ಬಂತು. ತೆಂಗಿನ ಬುಡದಲ್ಲಿ ಮಾತ್ರ ಸಿಗುವ ನೆಟ್‌ವರ್ಕಿನಲ್ಲಿ ನಮ್ಮವರು ಇದನ್ನೆಲ್ಲ ಓದಿ ಹೇಳಿದಾಗ ಅಕ್ಕ, “ಹೌದಾ? ಪೇಪರಲ್ಲಿ ಬಂದಿತ್ತು ಹೇಳ್ತಿದ್ರು” ಎಂದು ಕಬ್ಬಿನ ಜಲ್ಲೆಯನ್ನು ತುಳಸಿಕಟ್ಟೆಗೆ ಕಟ್ಟತೊಡಗಿದರು.

ಆ ದಿನ ತುಳಸಿ ಹಬ್ಬ. ನಾಲ್ಕಕ್ಕೆ ಹೂಳಿನಿಂದ ಬಂದ ಹೆಂಗಸು ಮಿಂದು, ಅಂಗಳಕ್ಕೆ ಸಗಣಿ ಸಾರಿಸಿ, ನೆಲ್ಲಿಟೊಂಗೆ ಕಬ್ಬು ಕಟ್ಟಿ, ಆರೂವರೆಗೆ ಹಣತೆ ಹಚ್ಚಿಟ್ಟಿದ್ದರು. ನಾನು ಎರಡು ತಾಸು ಬಗ್ಗಿದ್ದಕ್ಕೇ ಸೊಂಟ ಹಿಡಿದುಕೊಂಡು ಜಗುಲಿಯಲ್ಲಿ ಕೂತಿದ್ದೆ. ಹಬ್ಬದ ದಿನ ಬೆಳಚು ಒಲೆಗೇರುವುದಿಲ್ಲ. ಅದನ್ನು ಹೊಳೆನೀರಿನ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟರು. ಹೊಟ್ಟೆಯೊಳಗಿನ ಮರಳನ್ನು ತಾನೇ ಉಗುಳಲಿ ಎಂದು.

ಮರುದಿನ ಬೆಳಿಗ್ಗೆ ಟಕ್, ಟಕ್ ಎಂಬ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯ ಹಿಂದೆ ಅಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚಿಪ್ಪನ್ನು ಇನ್ನೊಂದಕ್ಕೆ ತಟ್ಟಿ ನೋಡುತ್ತಿದ್ದರು. ಜೀವ ಇದ್ದದ್ದು ಕಲ್ಲಿಗೆ ಕಲ್ಲು ತಾಗಿದ ಹಾಗೆ ಗಟ್ಟಿ ಸದ್ದು ಕೊಡುತ್ತದೆ. ಸತ್ತು ಒಳಗೆ ಕೆಸರು ತುಂಬಿಕೊಂಡದ್ದು ಮೇಲಿನಿಂದ ನೋಡಲು ಹಾಗೇ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಆದರೆ ಸದ್ದು ಮಂಕು. ಅಂಥ ಒಂದೇ ಒಂದು ಪಾತ್ರೆಗೆ ಹೋಗಿ ಬಾಯಿಬಿಟ್ಟರೂ ಮನೆಮಂದಿಯೆಲ್ಲ ಮಣ್ಣು ತಿನ್ನಬೇಕು. ನನಗೂ ಹತ್ತು ಚಿಪ್ಪು ಕೊಟ್ಟರು. ತಟ್ಟಿ, ಕಿವಿಗೆ ಹಿಡಿದು, ಎಲ್ಲ ಸರಿಯಿವೆ ಎಂದೆ. ಅಕ್ಕ ಮತ್ತೊಮ್ಮೆ ತಟ್ಟಿ ಅದರಲ್ಲೆರಡನ್ನು ತೆಗೆದು ತೆಂಗಿನ ಬುಡಕ್ಕೆ ಎಸೆದರು. ಅವೆರಡೂ ನಾನು ಹೆಕ್ಕಿದವು ಎಂಬುದನ್ನು ಅವರು ಹೇಳಲಿಲ್ಲ, ನನಗೆ ಗೊತ್ತಾಯಿತು.

ಕಾಯಿತುರಿ, ಒಣಮೆಣಸು, ಮುರುಗಲು ಹಾಕಿದ ಬೆಳಚಿನ ಸುಕ್ಕೆಯ ಜೊತೆ ಬಂದದ್ದು ಕೆಂಪು ಅನ್ನ. ಕಗ್ಗದ ಅಕ್ಕಿ. ಅನ್ನ ಸ್ವಲ್ಪ ಒರಟು, ಜಗಿದಷ್ಟೂ ಸಿಹಿ. ಇದನ್ನು ಬೆಳೆಯುವ ಜಾಗ ನೋಡಲೇಬೇಕೆಂದು ಮಧ್ಯಾಹ್ನ ಮಾಣಿಕಟ್ಟಾದ ಗಜನಿಗೆ ಹೋದೆವು.

ಗಜನಿ ಎಂದರೆ ಉಬ್ಬರದ ನೀರು ನುಗ್ಗುವ ತಗ್ಗು ಭೂಮಿಗೆ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆ. ಜೂನಿನ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗವನ್ನು ಬಿತ್ತುತ್ತಾರೆ. ಗೊಬ್ಬರ ಕೇಳುವುದಿಲ್ಲ, ಉಪ್ಪು ನೀರು ನುಗ್ಗಿದರೂ ಸಾಯುವುದಿಲ್ಲ, ನೆರೆ ಬಂದು ಕೆಲವು ದಿನ ಮುಳುಗಿದರೂ ತಲೆಯೆತ್ತುತ್ತದೆ. ಕೊಯ್ಯುವಾಗ ತೆನೆ ಮಾತ್ರ. ಹುಲ್ಲು ಅಲ್ಲೇ ನೀರಲ್ಲಿ ಕೊಳೆಯಬೇಕು, ಮೀನಿಗೆ, ಇಲ್ಲಿಯವರು ಶೆಟ್ಲಿ ಎನ್ನುವ ಸಿಗಡಿಗೆ ಅದೇ ಮೇವು. ನಾವು ಹೋದಾಗ ಕೊಯ್ಲು ಮುಗಿದಿತ್ತು. ಕಂದು ಬಣ್ಣದ ಕೂಳೆಯ ನಡುವೆ ಕೊಕ್ಕರೆಗಳು ನಮ್ಮ ಅಕ್ಕನ ಹಾಗೆಯೇ ಕಾಲಿಂದ ಹುಡುಕುತ್ತ ನಡೆಯುತ್ತಿದ್ದವು. ಒಡ್ಡಿನ ಬಾಯಿಗೆ ಹಲಗೆಗಳನ್ನು ಜೋಡಿಸಿದ ತೂಬು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಉಬ್ಬರದಲ್ಲಿ ಹಲಗೆ ಎತ್ತಿದರೆ ಹೊಳೆ ಒಳಗೆ, ಜೊತೆಗೆ ಶೆಟ್ಲಿಮರಿಯೂ ಒಳಗೆ. ಇಳಿತದಲ್ಲಿ ಬಾಯಿಗೆ ಬಲೆ ಕಟ್ಟಿದರೆ ನೀರು ಹೊರಗೆ, ಶೆಟ್ಲಿ ಬಲೆಗೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಅಲ್ಲಿ ಒಡ್ಡಿನ ಮೇಲೆ ಸಿಕ್ಕ ಹಿರಿಯರೊಬ್ಬರು ಇದನ್ನು ಇಷ್ಟು ಸಲೀಸಾಗಿ ಹೇಳಲಿಲ್ಲ. ಮೊದಲು ಊರವರೇ ಕೂಡಿ ವರ್ಷವರ್ಷ ಮಣ್ಣಿನ ಒಡ್ಡು ಹಾಕುತ್ತಿದ್ದರಂತೆ. ಆಮೇಲೆ ಕಲ್ಲಿನ ಕಾಯಂ ಒಡ್ಡು ಬಂತು. ಆಮೇಲೆ ಸಿಗಡಿಗೆ ಬೆಲೆ ಬಂತು, ಗಜನಿ ಗುತ್ತಿಗೆಗೆ ಹೋಯಿತು, ಭತ್ತ ಬೇಡವಾಯಿತು. ತೊಂಬತ್ತರ ದಶಕದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದಾಗ ದುಡ್ಡೂ ಹೋಯಿತು. “ಕಗ್ಗದ ಬೀಜವಾದ್ರೂ ಉಳಿದದೆ” ಎಂದರು. ಮಾತಿಗೆ ನಿಲ್ಲುವ ಪುರುಸೊತ್ತು ಅವರಿಗಿರಲಿಲ್ಲ, ಹಲಗೆ ಇಳಿಸುವ ಹೊತ್ತಾಗಿತ್ತು.

ಚತುರ್ದಶಿಯಂದು ತಾರಿ ದಾಟಿ ತದಡಿಗೆ. ದೇವಸ್ಥಾನ, ಬೀಚು ಎಂದು ಎಲ್ಲರೂ ಓಡುವ ಗೋಕರ್ಣದ ಬಗ್ಗೆ ನಾನೇನೂ ಬರೆಯುವುದಿಲ್ಲ, ಬರೆದವರು ಬೇಕಾದಷ್ಟಿದ್ದಾರೆ. ನನಗೆ ನೋಡಬೇಕಿದ್ದದ್ದು ಸಾಣಿಕಟ್ಟಾದ ಉಪ್ಪಿನಾಗರ ಮತ್ತು ಅದರ ಪಕ್ಕದ ಹನೇಹಳ್ಳಿ. ಆಗರದ ಪಾತಿಗಳಲ್ಲಿ ಇನ್ನೂ ಮಳೆಗಾಲದ ನೀರು ನಿಂತಿತ್ತು. ಉಪ್ಪು ಕಟ್ಟುವುದು ಬಿಸಿಲು ಬಲಿತ ಮೇಲೆ, ಕಡಲಿನ ನೀರನ್ನೇ ಉಬ್ಬರದಲ್ಲಿ ಒಳಬಿಟ್ಟುಕೊಂಡು. ಹನೇಹಳ್ಳಿ ಯಶವಂತ ಚಿತ್ತಾಲರ ಊರು. 1928ರಲ್ಲಿ ಇಲ್ಲಿ ಹುಟ್ಟಿದವರು ಬಾಳಿನ ಬಹುಪಾಲನ್ನು ಮುಂಬೈಯಲ್ಲಿ ಕಳೆದರು, ಅಲ್ಲಿ ಕೂತು ಈ ಊರನ್ನು ಕತೆಯ ಮೇಲೆ ಕತೆಯಾಗಿ ಬರೆದರು. ಕಾಲೇಜಿನಲ್ಲಿ ಅವನ್ನು ಓದುವಾಗ ಹನೇಹಳ್ಳಿಯೆಂದರೆ ಮಲೆನಾಡಿನ ಯಾವುದೋ ಮಬ್ಬು ಊರು ಎಂದುಕೊಂಡಿದ್ದೆ. ಇಷ್ಟು ಬೆಳಕಿನ, ಇಷ್ಟು ಉಪ್ಪುಗಾಳಿಯ ಊರು ಎಂದು ಗೊತ್ತಿದ್ದರೆ ಬೇರೆ ಥರ ಓದುತ್ತಿದ್ದೆನೇನೋ.

ಮಿರ್ಜಾನ ಕೋಟೆಗೆ ಹೋಗುವುದು ಆಗಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಹಡಗೇರುತ್ತಿದ್ದ ಜಾಗ. ಆ ಹಡಗುಗಳೂ ಹೊಳೆಯೊಳಗೆ ಬರಲು ಇದೇ ಉಬ್ಬರಕ್ಕೆ ಕಾಯುತ್ತಿದ್ದಿರಬೇಕು ಎಂದು ನಮ್ಮವರು ತಾರಿಗೆ ಕಾಯುತ್ತ ಅಂದರು. ಚಪ್ಪಲಿ ಹೋದ ಮೇಲೆ ಅವರ ಮಾತಿನಲ್ಲಿ ತೂಕ ಬಂದಿತ್ತು.

ಹುಣ್ಣಿಮೆಯ ಸಂಜೆ, ಐದರ ಇಳಿತದಲ್ಲಿ, ಹೊಳೆ ಹಿಂದೆಂದೂ ಕಾಣದಷ್ಟು ದೂರ ಸರಿದಿತ್ತು. ದಂಡೆಯ ಕಾಂಡ್ಲಾಗಿಡಗಳು ಬೇರುಗಳ ಮೇಲೆ ಸೀರೆ ಎತ್ತಿಕೊಂಡು ನಿಂತ ಹಾಗೆ ಕಂಡವು. ಅವುಗಳ ಕೊಂಬೆಯಿಂದ ನುಗ್ಗೆಕಾಯಿಯಂಥ ಉದ್ದನೆಯ ಮೊಳಕೆಗಳು ನೇತಾಡುತ್ತಿದ್ದವು. ಬೀಜ ತಾಯಿಗಿಡದ ಮೇಲೆಯೇ ಮೊಳೆತು, ಆಮೇಲೆ ನೆಟ್ಟಗೆ ಹೂಳಿಗೆ ಬೀಳುತ್ತದೆ. ನನ್ನ ಕಣ್ಣೆದುರೇ ಒಂದು ಬಿತ್ತು, ಚುಚ್ಚಿಕೊಂಡು ನಿಂತಿತು.

“ಇವತ್ತು ಹತ್ತೂಮುಕ್ಕಾಲಕ್ಕೆ ತುಂಬುತ್ತದೆ” ಎಂದು ನಾನೇ ಅಕ್ಕನಿಗೆ ಹೇಳಿದೆ. ಹೂಂ ಎಂದರು. ಅವರಾಗಲೇ ಕೆಳಗಿನ ಅಂಗಳದ ಕಟ್ಟಿಗೆಯನ್ನೂ ಕೋಳಿಗೂಡನ್ನೂ ಮೇಲೆ ತಂದಿಟ್ಟಾಗಿತ್ತು.

ಊಟ ಮುಗಿಸಿ ಕಾಲುವೆಯ ಕಡೆಯ ಮೆಟ್ಟಿಲ ಮೇಲೆ ಕೂತೆವು. ಬೆಳದಿಂಗಳು. ನೀರು ಒಂದೊಂದೇ ಮೆಟ್ಟಿಲು ನುಂಗುತ್ತ ಬಂತು. ಕೊನೆಯಿಂದ ಮೂರನೆಯ ಮೆಟ್ಟಿಲಿನ ಅಂಚಿಗೆ ನಮ್ಮವರು ಒಂದು ಬಿಳಿ ಚಿಪ್ಪನ್ನಿಟ್ಟು ಗುರುತು ಮಾಡಿದರು. ಒಂದು ತೆಂಗಿನ ಚಿಪ್ಪಾಡಿ ಹೊಳೆಯ ಕಡೆಯಿಂದ ತೇಲುತ್ತ ಬಂದು ನಮ್ಮೆದುರಿಗೆ ಬಂದಾಗ ನಿಧಾನವಾಯಿತು. ನಿಂತಿತು. ನೀರು ಬಿಳಿ ಚಿಪ್ಪಿನವರೆಗೆ ಬಂದು ಅದನ್ನು ಮುಟ್ಟಿಯೂ ಮುಟ್ಟದಂತೆ ಹೊಳೆಯುತ್ತಿತ್ತು. ಎಷ್ಟೋ ಹೊತ್ತು ಎಂದು ನನಗನಿಸಿತು, ಐದಾರು ನಿಮಿಷವಿರಬಹುದು. ಚಿಪ್ಪಾಡಿ ಇದ್ದಲ್ಲೇ ಅರ್ಧ ಸುತ್ತು ತಿರುಗಿ, ಬಂದ ದಾರಿಯಲ್ಲೇ ಕಡಲ ಕಡೆಗೆ ಹೊರಟಿತು.

“ಹತ್ತು ಐವತ್ತೆರಡು” ಎಂದು ನಮ್ಮವರು ಗಡಿಯಾರ ನೋಡಿದರು.

ಒಳಗಿನಿಂದ ಅಕ್ಕನ ದನಿ ಬಂತು. “ಮಲ್ಕೊಳ್ಳಿ ಸಾಕು. ಐದಕ್ಕೆ ಚಲೋ ಇಳ್ತ ಅದೆ, ನಾ ಬೆಳಚಿಗೆ ಹೋಗ್ತೆ. ಚಾ ಫ್ಲಾಸ್ಕಲ್ಲಿ ಇಟ್ಟಿರ್ತೆ, ಕುಡ್ಕಂಡು ಹೋಗಿ. ಬಾಗಿಲು ಎಳ್ಕಂಡ್ರೆ ಸಾಕು.”